ಕಡಿಮೆ ಮಾಡುವ ಗುಂಡಿ

ತಾಝಾದಿಂದ ಫೆಸ್ಸಿಗೆ ರಾತ್ರಿ ಟ್ಯಾಕ್ಸಿ ಓಡಿಸುವ ಬೂಶ್ತಾ
ಹಳೇ ಬೆಂಜಿನ ಬಾಗಿಲನ್ನು ಎರಡು ಸಲ ಬಡಿದು ಮುಚ್ಚಿ
(ಒಂದು ಸಲಕ್ಕೆ ಅದು ಕೇಳುವುದಿಲ್ಲ)
ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತ:
"ಮೀಟರಿನ ಬೆಳಕು ಹೋಗಿದೆ, ಹಮ್ಮೂ.
ಗುಂಡಿಗೆ ಗಟ್ಟಿಯಾಗಿ ಬೈದರೆ ಬರುತ್ತೆ, ಮತ್ತೆ ಹೋಗುತ್ತೆ."

ಎಷ್ಟು ವರ್ಷದಿಂದ?
ಬೆರಳು ಮಡಿಚತೊಡಗಿದ, ಒಂದು ಕೈ ಸಾಲದೆ ಬಿಟ್ಟ.
ಹಗಲೆಲ್ಲ ಗಾಡಿಯೂ ಹೊದಿಕೆಯ ಕೆಳಗೆ, ಅವನೂ ಹೊದಿಕೆಯ ಕೆಳಗೆ.
ರಾತ್ರಿ ವೇಗವನ್ನು ಕಿವಿಯಲ್ಲೇ ಅಳೆಯುತ್ತಾನಂತೆ:
ಎಂಬತ್ತಕ್ಕೆ ಕಿಟಕಿ ಗೊಣಗುತ್ತದೆ,
ತೊಂಬತ್ತಕ್ಕೆ ಹಿಂದಿನ ಸೀಟಿನ ಮುದುಕಿಯರು.

ಸೈಕಲ್ ಕಡ್ಡಿ ಬಗ್ಗಿಸಿ ಕೊಕ್ಕೆ ಮಾಡಿ
ಮೀಟರಿನ ಪೆಟ್ಟಿಗೆಯನ್ನು ಹಲ್ಲು ಕೀಳುವ ಹಾಗೆ ಎಳೆದೆ.
ಹಿಂದೆ ಎಣ್ಣೆಯ ಸಣ್ಣ ಕೊಳವೆ ಇದೆ, ಹುಷಾರು,
ಅದು ಮುರಿದರೆ ಇಡೀ ಇಂಜಿನ್ನು ನನ್ನ ತೊಡೆಯ ಮೇಲೆ ಅಳುತ್ತದೆ.
ಪಕ್ಕದಲ್ಲಿ ಪಿಂಗಾಣಿಯ ಬಿಲ್ಲೆ, ಸುತ್ತ ಎಳೆತಂತಿಯ ಸುರುಳಿ,
ಮೇಲೆ ಆಚೀಚೆ ಜಾರುವ ಹಿತ್ತಾಳೆಯ ನಾಲಗೆ.
ಹಸಿರು ಕಿಲುಬು.
ಒಂದು ಸುತ್ತು ಕಡಿದು ತುದಿ ಎದ್ದು ನಿಂತಿದೆ,
ಕ್ಷೌರಿಕನ ಕೈ ತಪ್ಪಿಸಿಕೊಂಡ ಒಂದೇ ಒಂದು ಕೂದಲು.

"ಇದನ್ನೆಲ್ಲ ಯಾರು ರಿಪೇರಿ ಮಾಡುತ್ತಾರೆ," ಅಂದೆ,
"ಆಚೆಯಿಂದ ಈಚೆಗೆ ಒಂದು ತಂತಿ ಬೆಸೆದರೆ ಆಯಿತು,
ಎಲ್ಲರಿಗೂ ಹಾಗೇ ಮಾಡಿಕೊಟ್ಟಿದ್ದೇನೆ.
ಪೂರ್ತಿ ಬೆಳಕು. ಸಾಯುವ ತನಕ."

ಬೂಶ್ತಾ ಚಹಾದ ಲೋಟ ಕೆಳಗಿಟ್ಟ.
"ಪೂರ್ತಿ ಬೆಳಕು ಇಟ್ಟುಕೊಂಡು ಏನು ಮಾಡಲಿ?
ಎದುರಿನ ಗಾಜಿನಲ್ಲಿ ಮೀಟರೇ ಕಾಣುತ್ತದೆ, ಕತ್ತೆ ಕಾಣುವುದಿಲ್ಲ.
ರಸ್ತೆಯಲ್ಲಿ ಕತ್ತೆ ಇರುತ್ತದೆ, ಹಮ್ಮೂ.
ಹಿಂದೆ ನಾಲ್ಕು ಜನ, ಮುಂದೆ ಇಬ್ಬರು,
ಒಬ್ಬರ ಹೆಗಲ ಮೇಲೆ ಇನ್ನೊಬ್ಬರ ನಿದ್ದೆ.
ನನಗೆ ಬೇಕಾದದ್ದು, ನೋಡು, ಇಷ್ಟು."
ಹೆಬ್ಬೆರಳ ಉಗುರು ತೋರಿಸಿದ,
ತುದಿಯ ಬಿಳಿಯನ್ನಷ್ಟೇ.

ಹೀಗಾಗಿ ಮಧ್ಯಾಹ್ನವಿಡೀ ಒಂದು ಸುತ್ತಿಗೆ ಹೋಯಿತು.
ಆ ತಂತಿಗೆ ಬೆಸುಗೆ ಹಿಡಿಯದು, ಉಂಡೆಯಾಗಿ ಉರುಳುತ್ತದೆ.
ಕೆಟ್ಟ ಹೀಟರಿನಿಂದ ಒಂದೆಳೆ ಬಿಚ್ಚಿ
ಪೆನ್ನಿನ ರೀಫಿಲ್ಲಿನ ಹಿತ್ತಾಳೆ ಮೂತಿಯಲ್ಲಿ ತುದಿಗಳನ್ನು ತೂರಿಸಿ
ನಾಲಗೆ ತುಳಿಯದ ಕಡೆ ಇಕ್ಕಳದಿಂದ ಕಚ್ಚಿದೆ.
ಕಿಲುಬಿನ ಔಷಧದ ಡಬ್ಬಿ ಖಾಲಿ.
ಮಗ ಇಲ್ಯಾಸನ ಶಾಲೆಯ ಚೀಲದಿಂದ ರಬ್ಬರು ತೆಗೆದು
ಸುತ್ತುಸುತ್ತನ್ನೂ ಉಜ್ಜಿದೆ.

ಕತ್ತಲಾಗಲೆಂದು ಕಾದೆವು. ಇಂಥ ಕೆಲಸ
ಹಗಲಲ್ಲಿ ಪರೀಕ್ಷೆಗೆ ನಿಲ್ಲುವುದಿಲ್ಲ.
ಗುಂಡಿ ತಿರುಗಿಸಿದ. ಮಿಣುಕಲಿಲ್ಲ, ನಡುಗಲಿಲ್ಲ,
ಉಕ್ಕುವ ಮೊದಲು ಹಾಲು ಏರುವ ಹಾಗೆ ಏರಿತು.
ಮುಳ್ಳುಗಳು ಬಂದವು, ಅಂಕಿಗಳು ಬಂದವು,
ಕಿಲೋಮೀಟರಿನ ಸಾಲಿನಲ್ಲಿ ನಾಲ್ಕು ಲಕ್ಷದ ಹನ್ನೆರಡು ಸಾವಿರ,
ಕೊನೆಗೆ ಅರ್ಧ ಹೊರಳಿ ಸಿಕ್ಕಿಕೊಂಡ ಒಂದು ಏಳು.
"ಅರೆ," ಅಂದ, "ಇದು ನಾನು ನೋಡದ ಹೊತ್ತಲ್ಲಿ ನಿಂತುಬಿಟ್ಟಿದೆ!"

ನಾನು ಮತ್ತೆ ಕೊಕ್ಕೆ ಎತ್ತಿದೆ. ಕೈ ಹಿಡಿದ.
"ಬೇಡ, ಹಾಗೇ ಇರಲಿ. ಮಾರುವ ದಿನ ಬಂದರೆ
ತನ್ನ ವಯಸ್ಸು ತಾನೇ ಹೇಳಿಕೊಳ್ಳಲಿ,
ಆ ಪಾಪ ನನಗೆ ಬೇಡ."

ಬೆಳಕನ್ನು ಇಳಿಸಿದ, ಇಳಿಸಿದ, ಉಗುರಿನಷ್ಟಕ್ಕೆ ತಂದು ಬಿಟ್ಟ.
ದುಡ್ಡಿನ ಜೊತೆ ನಾಲ್ಕು ಕಿತ್ತಳೆ.
ಬಾಗಿಲು, ಎರಡು ಸಲ.

ರಬ್ಬರಿನ ಮೈತುಂಬ ಕಪ್ಪು ಗೀರು.
ಇದ್ದಲ್ಲೇ ಇಟ್ಟೆ, ಇಲ್ಯಾಸನಿಗೆ ಹೇಳಲು ಮರೆತೆ.
ನಾಳೆ ಭಾಗಾಕಾರ ಅಳಿಸಲು ಹೋಗಿ
ಹಾಳೆಯೆಲ್ಲ ಮಸಿ ಮಾಡಿಕೊಳ್ಳುತ್ತಾನೆ, ಮೇಷ್ಟ್ರು ಕೇಳುತ್ತಾರೆ:
ಏನಿದು, ಯಾರ ಕೈ?