ಚಿಲ್ಲರೆ ಬಾಕಿ

ಹನ್ನೆರಡನೇ ಮಂಚದ ಪುಟ್ಟಮಾದಯ್ಯ
ಮೈಸೂರು–ಮಳವಳ್ಳಿ ಬಸ್ಸಿನ ಕಂಡಕ್ಟರು.
ಪ್ಲೇಟ್‌ಲೆಟ್ ಒಂಬತ್ತು ಸಾವಿರ ಅಂದರೆ
‘ಮೇಲಕ್ಕೆ ಚಿಲ್ಲರೆ ಎಷ್ಟು, ಸಿಸ್ಟರ್?’ ಅಂತಾರೆ.
ನಗುವಾಗ ಒಸಡು ಒಸರುತ್ತದೆ.

ಹತ್ತಕ್ಕೆ ನೋವು ಎಷ್ಟು?
‘ಬನ್ನೂರು ದಾಟೈತೆ, ಕಿರುಗಾವಲು ಇನ್ನೂ ಬಂದಿಲ್ಲ.’
ಹಾಗೇ ಬರೆದುಕೊಂಡೆ.

ಕೀಮೋ ಇಳಿಯುತ್ತಿದೆ,
ಮಾರ್ಫಿನ್ನೂ ಅದರ ಪಕ್ಕದಲ್ಲೇ.
ಒಂದು ಹತ್ತಿದರೆ ಇನ್ನೊಂದು ಇಳಿಯಲೇಬೇಕೆಂದು
ಓದುವಾಗ ನಾನೂ ತಿಳಿದಿದ್ದೆ.

ನಡುರಾತ್ರಿ ಕೇಳಿದರು:
‘ಇನ್ನೆಷ್ಟು ಸ್ಟಾಪು?’
ಕೈ ತೊಳೆದು ಬಂದು ಕೂತೆ.
ಗೊತ್ತಿಲ್ಲ ಅಂದೆ.
‘ಹಂಗಾದ್ರೆ ಬಾಕಿ ಬರ್ಕೊಡಿ.’
ಚೀಟಿಯ ಹಿಂದೆ ಬರೆದುಕೊಟ್ಟೆ:
ಕಿಟಕಿ ಸೀಟು, ಒಂದು.

ಬೆಳಿಗ್ಗೆ ಆಯಾ ಶಿವನಂಜಿಯೂ ನಾನೂ
ಮಂಚ ತಿರುಗಿಸಿದೆವು.
‘ರೈಟ್’ ಅನ್ನಲಿಲ್ಲ ಅವರು.
ನಾವೂ ಅವಸರ ಮಾಡಲಿಲ್ಲ.