ಚಕ್ಕುಬಂದಿ

ಅರಕಲಗೂಡಿನ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು
ತಗಡಿನ ಮಾಡಿನ ಕೆಳಗೆ ನನ್ನ ಮೇಜು.
ಹತ್ತೊಂಬತ್ತು ವರ್ಷದಿಂದ ಪತ್ರ ಬರೆಯುತ್ತೇನೆ,
ಕ್ರಯ, ಭೋಗ್ಯ, ವಿಭಾಗ, ಹಕ್ಕುಬಿಡುಗಡೆ;
ಯಾರದೋ ಜಮೀನಿಗೆ ನಾಲ್ಕು ದಿಕ್ಕು ಹುಡುಕಿಕೊಡುತ್ತೇನೆ.
ಪೂರ್ವಕ್ಕೆ ಪುಟ್ಟತಾಯಮ್ಮನ ಬಾಬ್ತು ಗದ್ದೆ,
ಪಶ್ಚಿಮಕ್ಕೆ ಸರ್ಕಾರಿ ಹಳ್ಳ.

ಹೋದ ಯುಗಾದಿಗೆ ಒಂದು ಎಮ್ಮೆ ತಲೆಗೆ ಹೊಕ್ಕಿತು.
ಮೇಯುತ್ತ ಮೇಯುತ್ತ
ನಾನು ಬರೆದ ಗಡಿಯನ್ನೆಲ್ಲ ದಾಟುವ ಎಮ್ಮೆ.
ಅದನ್ನೊಂದು ಆಟ ಮಾಡಬೇಕು.
ಬೆರಳು ಮುಟ್ಟಿದ ಕಡೆ ಅದು ನಡೆಯಬೇಕು,
ಸರ್ವೆ ಕಲ್ಲು ಕಂಡಲ್ಲಿ ಮೈ ಉಜ್ಜಬೇಕು,
ಕಲ್ಲು ಒಂದು ಗೇಣು ಸರಿಯಬೇಕು,
ಮಾರನೇ ದಿನ ಊರಲ್ಲಿ ಜಗಳ.

ಹಾಸನದ ಬಿ.ಎಂ. ರಸ್ತೆಯಲ್ಲಿ ಹನ್ನೊಂದು ಸಾವಿರಕ್ಕೆ ತಂದ
ಹಳೇ ಲ್ಯಾಪ್‌ಟಾಪು; ನಕಾರದ ಕೀಲಿ ಒತ್ತಿದರೆ ಒಳಗೇ ಉಳಿಯುತ್ತದೆ.
ಇದರ ಮೇಲೆ ಓಡುವಂಥ ಸಾಫ್ಟ್‌ವೇರ್ ಬೇಕು,
ತಿಂಗಳಿಗೆ ಒಂದು ಭೋಗ್ಯಪತ್ರದ ಕೂಲಿಗಿಂತ ಹೆಚ್ಚು ಕೇಳಬಾರದು.

ಎಲ್ಲರೂ ಷರತ್ತಿನ ಕೆಳಗೆ 'ಒಪ್ಪಿದೆ' ಒತ್ತಿ
ಮುಂದೆ ಹೋಗುತ್ತಾರಂತೆ.
ನನಗೆ ಬಾರದ ವಿದ್ಯೆ.
ಓದದೆ ಹೆಬ್ಬೆಟ್ಟು ಒತ್ತಿದವರ ಮಕ್ಕಳು
ದಿನಾ ನನ್ನ ಮೇಜಿಗೇ ಬರುತ್ತಾರೆ.

ಮೊದಲನೆಯದು ಬಾಡಿಗೆ.
ಕಟ್ಟಿದಷ್ಟು ದಿನ ಮನೆ; ನಿಲ್ಲಿಸಿದ ದಿನ
ಎಮ್ಮೆ ಒಳಗೆ, ನಾನು ಹೊರಗೆ, ಬಾಗಿಲಿಗೆ ಬೀಗ.

ಇನ್ನೊಂದು ವಾರಕ್ಕೆ ಕೊಡುವ ಹೊಲದ ಹಾಗೆ:
ಈಗ ಪುಕ್ಕಟೆ ಉಳು, ಬೆಳೆ ಬಂದರೆ ಪಾಲು ಕೊಡು.
ನ್ಯಾಯವೇ ಅನ್ನಿಸಿತು, ಹನ್ನೆರಡನೇ ಪುಟದವರೆಗೆ.
ಅಲ್ಲಿತ್ತು: ಪಾಲೆಷ್ಟು ಎಂಬುದನ್ನು ಧಣಿ
ಯಾವಾಗ ಬೇಕಾದರೂ ತಿದ್ದಬಹುದು.
ಇಂಥ ಸಾಲು ನಾನು ಬರೆದಿದ್ದರೆ
ಪತ್ರ ಹರಿದು ಮುಖಕ್ಕೆ ಎಸೆಯುತ್ತಿದ್ದರು.

ಒಮ್ಮೆಗೇ ದುಡ್ಡು ಎಣಿಸಿ ಮುಗಿಸುವ ಶುದ್ಧ ಕ್ರಯದ್ದೂ ಸಿಕ್ಕಿತು,
ಹತ್ತು ದಿನ ಪರೀಕ್ಷೆಗೆ ಬಿಟ್ಟಿ.
ಎಮ್ಮೆಯ ಚಿತ್ರ ಇಟ್ಟು ಕೆಳಗೆ 'ಎಮ್ಮೆ' ಅಂತ ಬರೆದೆ.
ಒತ್ತು ಕಳಚಿ ಪಕ್ಕಕ್ಕೆ ಬಿತ್ತು, ಏತ್ವ ಎತ್ತಲೋ ಹೋಯಿತು.
ಅರಕಲಗೂಡಿಗೆ ಏನೂ ಆಗಲಿಲ್ಲ,
ಪುಣ್ಯಕ್ಕೆ ಊರಿನ ಹೆಸರಲ್ಲಿ ಒತ್ತಕ್ಷರ ಇಲ್ಲ.
ಆದರೆ ಆ ಊರಲ್ಲಿ ಕಲ್ಲು ಇಲ್ಲ, ಗದ್ದೆ ಇಲ್ಲ, ಹಕ್ಕು ಇಲ್ಲ.
ಎಂಟು ಸಾವಿರ ಕೊಟ್ಟು ಅಂಥ ಊರು ಯಾಕೆ ಕೊಳ್ಳಲಿ?

ಕೊನೆಯದು ದಾನ.
ಅರ್ಧ ಪುಟದ ಇಂಗ್ಲಿಷು, ಮೂರು ಸಲ ಓದಿದೆ:
ಯಾರಾದರೂ ಬಳಸಿ, ತಿದ್ದಿ, ಬೇಕಿದ್ದರೆ ಮಾರಿ;
ಕೆಟ್ಟರೆ ನಮ್ಮನ್ನು ಕೇಳಬೇಡಿ.
ದಾನಪತ್ರದಲ್ಲಿ 'ಪ್ರೀತಿ ವಿಶ್ವಾಸದ ಮೇರೆಗೆ' ಎಂದಿರಬೇಕು,
ಇಲ್ಲದಿದ್ದರೆ ನಾಳೆ ತಕರಾರು.
ಇದರಲ್ಲಿ ಪ್ರೀತಿಯ ಮಾತೇ ಇಲ್ಲ.
ಕೊಟ್ಟವರ ಹೆಸರು ನೂರಾರು,
ಒಬ್ಬರದೂ ತಂದೆಯ ಹೆಸರಿಲ್ಲ, ವಾಸಸ್ಥಳವಿಲ್ಲ,
ಸಾಕ್ಷಿಗಳ ಸಹಿ ಇಲ್ಲ.

ಸ್ಟಾಂಪಿನ ಖಲೀಲ್ ಸಾಹೇಬರಿಗೆ ತೋರಿಸಿದೆ.
"ಪುಕ್ಕಟೆ ಅಂದ್ರೆ ಹಿಂದೆ ಏನೋ ಇರ್ತದೆ, ರುದ್ರಾಣಮ್ಮ."
ಆಮೇಲೆ ಕನ್ನಡಕ ಏರಿಸಿ
ಪರದೆಗೆ ಬೆರಳು ತಾಗಿಸಿದರು:
"ಒತ್ತು ಸರಿಯಾಗಿ ಕೂತದಲ್ಲ."
ಕೂತಿತ್ತು. ಮಕಾರದ ಕೆಳಗೆ ಮಕಾರ,
ತಾಯ ಹೊಟ್ಟೆಯಡಿ ಕರುವಿನ ಹಾಗೆ.
ಒಪ್ಪಿದೆ ಒತ್ತಿದೆ.

ಇವತ್ತು ರಾತ್ರಿ ಎಮ್ಮೆ ಮೊದಲ ಸಲ ನಡೆಯಿತು.
ಮೂರು ಕಾಲು ಆಡುತ್ತವೆ,
ನಾಲ್ಕನೆಯದು ಎಳೆದುಕೊಂಡು ಬರುತ್ತದೆ.
ಪುಟ್ಟತಾಯಮ್ಮನ ಗದ್ದೆ ದಾಟಿತು,
ಪರದೆಯ ಪೂರ್ವದ ಅಂಚಿಗೆ ಬಂತು,
ನಿಲ್ಲದೆ ಹೊರಟೇ ಹೋಯಿತು.
ಅಲ್ಲಿ ತಡೆಯುವ ಸಾಲು ನಾನಿನ್ನೂ ಬರೆದಿಲ್ಲ.

ಮೂಲೆಯಲ್ಲಿ ಅಂಕೆ ಮಾತ್ರ ಏರುತ್ತಿದೆ,
ಎರಡು ಸಾವಿರ, ಎರಡು ಸಾವಿರದ ನಾನೂರು;
ಹೋಗುತ್ತಲೇ ಇದೆ ಅದು,
ಯಾರ ಬಾಬ್ತೂ ಅಲ್ಲದ ಕಡೆ.
ನಿಲ್ಲಿಸಲು ಗುಂಡಿ ಇದೆ. ಇನ್ನೂ ಸ್ವಲ್ಪ ಹೊತ್ತು ನೋಡುತ್ತೇನೆ.