ಆ ತುದಿಗೆ ಯಾರು

ಮೊದಲು ಮಾತೆತ್ತಿದ್ದು ಇಡ್ವಲ್‌ನ ಮಂಡಿ.
ಹಾರ್ಲೆಕ್ ಕಡಲ ಮಗ್ಗುಲಲ್ಲಿ, ಆಗಸ್ಟಿನ ಬೆಳಗಿನ ಜಾವ,
ಟೆಂಟಿನ ಜಿಪ್ಪು ತಡಕುತ್ತ ನಾಲ್ಕು ಕಾಲಲ್ಲಿ ತೆವಳಿದವನು
ಎದ್ದು ನಿಲ್ಲಲಾರದೆ ಹುಲ್ಲಿಗೇ ಬೈದ.
ಬೇಲಿಯಾಚೆ ಒಂದು ಕುರಿ
ಮೇಯುವುದು ಬಿಟ್ಟು ತಿರುಗಿ ನೋಡಿತು.

ಮೂವತ್ತೊಂದು ವರ್ಷದ ಟೆಂಟು.
ಮಕ್ಕಳಿಬ್ಬರ ಹಾಲುಹಲ್ಲು ಬಿದ್ದದ್ದು ಅದರೊಳಗೆ.
ಮಾರ್ಚಿಯಲ್ಲಿ, ನನ್ನನ್ನೊಂದು ಮಾತು ಕೇಳದೆ,
ಸ್ಕೌಟ್ ಹುಡುಗರಿಗೆ ಎತ್ತಿ ಕೊಟ್ಟುಬಿಟ್ಟ.
ಆಮೇಲೆ ನಮ್ಮ ಮನೆಯ ಮಾತು
ಉಪ್ಪು ಇತ್ತ ಕೊಡು,
ಬೆಕ್ಕಿಗೆ ಹಾಕಿದೆಯಾ,
ಅಷ್ಟೇ.

ಕ್ಯಾರವಾನೇ ಸರಿ, ಅಂದ ಒಂದು ದಿನ ಬೆಕ್ಕಿನ ಕಡೆ ನೋಡುತ್ತ.
ಗೆರೈಂಟ್‌ನದು ನೋಡು: ಸಿಂಕು, ಹೀಟರು, ಬಾಗಿಲಿರುವ ಕಕ್ಕಸು.
ನೋಡಿದ್ದೇನೆ ನನ್ನ ತಮ್ಮನ ವೈಭೋಗ.
ಬಾಲಾದಿಂದ ಮೇಲೇರುವ ಒಂಟಿ ರಸ್ತೆಯಲ್ಲಿ
ಎದುರಿಗೆ ಹಾಲಿನ ಲಾರಿ ಸಿಕ್ಕು
ಅರ್ಧ ಮೈಲಿ ಹಿಂದಕ್ಕೆ ಹೋದದ್ದು,
ಹೆಂಡತಿ ಇಳಿದು ಕೈ ಬೀಸುತ್ತ ನಡೆದದ್ದು,
ಬೇಲಿಯ ಮುಳ್ಳು ಅದರ ಬಿಳಿ ಮೈಗೆ
ಉದ್ದಕ್ಕೂ ರುಜು ಹಾಕಿದ್ದು.
ಒಂದೂಕಾಲು ಟನ್ನು! ನಮ್ಮ ಕಾರು
ಅತ್ತೆಯನ್ನು ಕೂರಿಸಿಕೊಂಡರೇ ಏದುಸಿರು ಬಿಡುತ್ತದೆ.
ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಂತೆ,
ಸರಿ, ಇವನ ಆರಡಿ ಎರಡಂಗುಲಕ್ಕೆ
ಯಾವ ಹಾಸಿಗೆ, ಯಾವ ಗಾಡಿ?

ಹಾಗೆ ಹುಡುಕುತ್ತ ಸಿಕ್ಕಿದ್ದು ಮಡಿಚುವ ಗಾಡಿ.
ಎಳೆದೊಯ್ಯುವಾಗ ಸೊಂಟದೆತ್ತರದ ಪೆಟ್ಟಿಗೆ,
ಬಿಚ್ಚಿದರೆ ಎರಡು ಹಾಸಿಗೆ, ನಡುವೆ ಒಲೆ,
ತಲೆ ಎತ್ತಿ ನಿಲ್ಲುವಷ್ಟು ಸೂರು.
ಮಾರುವವಳು ನೆಸ್ಟಾ, ಕೊರ್ವೆನ್ ಕಡೆಯವಳು,
ಶೆಡ್ಡಿನ ಬಾಗಿಲು ಎಳೆದು, ಸುಳ್ಳು ಹೇಳಲಿಲ್ಲ:
ಒದ್ದೆಯಲ್ಲಿ ಮಡಿಚಿದರೆ ಇದು ಕ್ಷಮಿಸುವುದಿಲ್ಲ.
ಎಷ್ಟೇ ದಣಿದು ಬನ್ನಿ, ಅಂಗಳದಲ್ಲಿ ಮತ್ತೆ ಬಿಚ್ಚಿ ಒಣಗಿಸಬೇಕು.
ಇಲ್ಲಿ ನೋಡಿ, ಈ ಕಪ್ಪು ಚುಕ್ಕೆಗಳು,
ನಾನೊಂದು ರಾತ್ರಿ ಸೋಮಾರಿಯಾದದ್ದಕ್ಕೆ.
ಶುಕ್ರವಾರ ಸಂಜೆ ಮನೆ ಕಟ್ಟಿ ನೋಡಬೇಕು,
ಭಾನುವಾರ ಅದನ್ನೇ ಕೆಡವಿ ನೋಡಬೇಕು.
ಮತ್ತೆ, ಇದಕ್ಕೆ ಇಬ್ಬರು ಬೇಕು.

ಹಟವಿದ್ದರೆ ಟೆಂಟನ್ನು ಒಬ್ಬರೇ ನಿಲ್ಲಿಸಬಹುದು.
ಕ್ಯಾರವಾನಿಗೆ ಒಂದು ಕೀಲಿ ಸಾಕು.
ಇದರ ಈ ತುದಿಗೊಬ್ಬರು ಆ ತುದಿಗೊಬ್ಬರು
ಒಂದೇ ಉಸಿರಿಗೆ ಎತ್ತದಿದ್ದರೆ ಕಂಬಿ ಸೊಟ್ಟ.

ನಿಮ್ಮ ಆ ತುದಿಗೆ ಯಾರು? ಕೇಳಿದ ಇಡ್ವಲ್.
ಅವನಿಗೆ ಬುದ್ಧಿಯಿಲ್ಲ.
ಚೆಸ್ಟರ್‌ನಲ್ಲಿದ್ದಾನೆ, ಅಂದಳು ನೆಸ್ಟಾ ಕೊಂಡಿ ಸಡಿಲಿಸುತ್ತ,
ಒಬ್ಬ ದಂತವೈದ್ಯೆಯ ಜೊತೆ.
ಅವಳ ಹತ್ತಿರ ಕ್ಯಾರವಾನ್ ಇದೆ.

ನಾವೇ ಎತ್ತಿ ನೋಡಿದೆವು.
ನಾನು ಎರಡಕ್ಕೆ ಎತ್ತಿದೆ, ಅವನು ಮೂರಕ್ಕೆ;
ಬಟ್ಟೆ ಕುಂಟಿತು, ಕಂಬಿ ಕಿರ್ರೆಂದಿತು.
ಎಣಿಸಿ, ಅಂದಳು ನೆಸ್ಟಾ, ಬಾಯಿಬಿಟ್ಟು ಎಣಿಸಿ.
ಮಾರ್ಚಿಯಿಂದ ಇತ್ತ ಮೊದಲ ಸಲ
ಅವನ ಮುಖ ನೋಡಿದೆ. ಗಡ್ಡ ಸರಿಯಾಗಿ ಹೆರೆದಿರಲಿಲ್ಲ,
ಕಿವಿಯ ಕೆಳಗೆ ಒಂದು ಬಿಳಿ ತೇಪೆ.
ಈನ್, ಅಂದ.
ದಾಯ್, ನಾನು.
ತ್ರೀ ಅಂದದ್ದು ಯಾರೋ, ಸೂರು ಎದ್ದಿತು.
ಮಡಿಕೆಯೊಳಗಿಂದ ಉದುರಿತು ಒಂದು ಹಿಡಿ ಮರಳು,
ಒಣಗಿದ ಜೇಡ, ಕಳಾವರ್ ಏಳು.
ನೆಸ್ಟಾ ಎಲೆಯನ್ನಷ್ಟೇ ಎತ್ತಿ ಜೇಬಿಗಿಟ್ಟಳು.

ಕೊಂಡೆವು, ಎಪ್ಪತ್ತು ಪೌಂಡು ಚೌಕಾಸಿ ಮಾಡಿ
ಆಮೇಲೆ ನಾಚಿ ಮೂವತ್ತು ವಾಪಸು ಕೊಟ್ಟು.
ಮೊದಲ ವಾರಕ್ಕೇ ಮಳೆ, ಮತ್ತೇನು.

ಇವತ್ತು ಸೋಮವಾರ. ಅಂಗಳ ತುಂಬ
ರೆಕ್ಕೆ ಚಾಚಿ ಒಣಗುತ್ತಿದೆ,
ಪೋಸ್ಟಿನವಳು ಗುಲಾಬಿ ಪೊದೆ ಸುತ್ತಿ ಬಂದು
ಕಾಗದ ಕೊಟ್ಟಳು, ನಗು ತಡೆದುಕೊಂಡು.
ಏನೇ ಹೇಳು, ಕಕ್ಕಸಿರುವುದು ಕ್ಯಾರವಾನಿಗೇ, ಅಂತಾನೆ ಇಡ್ವಲ್
ಬಟ್ಟೆಯ ಆ ತುದಿ ಹಿಡಿದು.
ಅರೆನಿಗ್ ಬೆಟ್ಟದ ಮೇಲೆ ಮತ್ತೆ ಮೋಡ.
ಸುಮ್ಮನೆ ಎತ್ತು, ಅಂದೆ.
ಈನ್, ಅಂದ.